ಎಳೆಯುವುದು ಸುಲಭ, ನಿಲ್ಲಿಸುವುದು ಕಷ್ಟ

ಪರೀಕ್ಷೆಯ ದಿನಗಳೂ ನೀರಿನ ಅಭಾವದ ದಿನಗಳೂ ನಮ್ಮಲ್ಲಿ ಒಟ್ಟಿಗೇ ಬರುತ್ತವೆ. 2024ರ ಮಾರ್ಚ್ ತಿಂಗಳನ್ನು ಬೆಂಗಳೂರಿನವರು ಮರೆತಿರಲಾರರು. ಆರ್.ಟಿ. ನಗರ, ದಿಣ್ಣೂರು, ಸುಲ್ತಾನ್‌ಪಾಳ್ಯದ ಇಕ್ಕಟ್ಟಾದ ರಸ್ತೆಗಳಲ್ಲಿ ಶಾಲೆಗೆ ಹೊರಟ ಮಕ್ಕಳ ಪಕ್ಕದಲ್ಲೇ ನೀರಿನ ಟ್ಯಾಂಕರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಸಾಗುತ್ತದೆ. ಅಷ್ಟು ಭಾರ ಎಳೆಯುವ ಶಕ್ತಿ ಅದಕ್ಕಿದೆಯೇ? ಧಾರಾಳವಾಗಿ ಇದೆ. ಆದರೆ ಕೇಳಬೇಕಾದ ಪ್ರಶ್ನೆ ಅದಲ್ಲ. ನಿಲ್ಲಿಸುವ ಶಕ್ತಿ ಇದೆಯೇ ಎಂಬುದು.

ವಿದ್ಯಾರ್ಥಿಗಳೇ, ಪೆನ್ಸಿಲ್ ಹಿಡಿಯಿರಿ. ಒಂದೂವರೆ ಮೀಟರ್ ವ್ಯಾಸ, ಎರಡೂವರೆ ಮೀಟರ್ ಉದ್ದದ ಉರುಳೆಯಾಕಾರದ ತೊಟ್ಟಿಯಲ್ಲಿ ಸುಮಾರು 4,400 ಲೀಟರ್ ನೀರು ಹಿಡಿಯುತ್ತದೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಅಲ್ಲಿಗೆ 4.4 ಟನ್. ತೊಟ್ಟಿ, ಚಕ್ರಗಳದು ಒಂದು ಟನ್, ಟ್ರ್ಯಾಕ್ಟರಿನದು ಎರಡು ಟನ್ ಎಂದಿಟ್ಟುಕೊಳ್ಳಿ. ಒಟ್ಟು 7.4 ಟನ್. ಸಾಮಾನ್ಯ ಟ್ರ್ಯಾಕ್ಟರುಗಳಿಗೆ ಹಿಂದಿನ ಚಕ್ರಗಳಿಗೆ ಮಾತ್ರ ಬ್ರೇಕು. ಹಿಂದೆ ಕಟ್ಟಿದ ಟ್ರೇಲರಿಗೆ ಎಷ್ಟೋ ಸಲ ಬ್ರೇಕೇ ಇರುವುದಿಲ್ಲ. ಬ್ರೇಕಿನ ಬಲ ಅಷ್ಟೇ ಇದ್ದು ಭಾರ ಹೆಚ್ಚಿದರೆ, ನಿಲ್ಲಲು ಬೇಕಾದ ದೂರವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಬರಿಯ ಟ್ರ್ಯಾಕ್ಟರ್ 10 ಮೀಟರಿನಲ್ಲಿ ನಿಲ್ಲುವುದಾದರೆ, ಈ ಜೋಡಿ ನಿಲ್ಲಲು 37 ಮೀಟರ್ ಬೇಕು. ಲೆಕ್ಕ ಸ್ಥೂಲವಾದದ್ದು, ಆದರೆ ಚೆಂಡಿನ ಹಿಂದೆ ಓಡಿ ಬಂದ ಮಗುವಿಗೆ ಇದೇ ಅಂತರ ಜೀವನ್ಮರಣದ ಪ್ರಶ್ನೆ.

ಇನ್ನೊಂದು ತೊಡಕಿದೆ. ಕೊಂಡಿಯ ಮೇಲೆ ಬೀಳುವ ಭಾರ ಏತದಂತೆ ವರ್ತಿಸಿ ಟ್ರ್ಯಾಕ್ಟರಿನ ಮುಂಭಾಗವನ್ನು ಹಗುರಗೊಳಿಸುತ್ತದೆ. ಮುಂಚಕ್ರಗಳಿಗೆ ನೆಲದ ಹಿಡಿತ ಕಡಿಮೆಯಾಗಿ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ಹೇಳಿದ ಮಾತು ಕೇಳುವುದಿಲ್ಲ.

ಹಾಗಾದರೆ ದೊಡ್ಡ ತೊಟ್ಟಿಯಲ್ಲಿ ಅರ್ಧ ನೀರು ತರಿಸಿದರಾಯಿತಲ್ಲ ಎನ್ನಬಹುದು. ಅದೂ ಅಪಾಯವೇ. ಬ್ರೇಕು ಹಾಕಿದಾಗ ನೀರೆಲ್ಲ ಮುಂದಕ್ಕೆ ನುಗ್ಗಿ ಗಾಡಿಯನ್ನು ತಳ್ಳುತ್ತದೆ. ತಿರುವಿನಲ್ಲಿ ಒಂದು ಮಗ್ಗುಲಿಗೆ ವಾಲಿಸುತ್ತದೆ. ಇದನ್ನು ತಡೆಯಲೆಂದೇ ಒಳ್ಳೆಯ ತೊಟ್ಟಿಗಳ ಒಳಗೆ ಅಡ್ಡತಗಡುಗಳನ್ನು ಕೂಡಿಸಿರುತ್ತಾರೆ. ಸರಿಯಾದ ದಾರಿ ಎಂದರೆ ಟ್ರ್ಯಾಕ್ಟರಿಗೆ ತಕ್ಕ ತೊಟ್ಟಿ, ತೊಟ್ಟಿಗೂ ಬ್ರೇಕು.

ಗಾಡಿ ಹೊರಬಹುದಾದ ಒಟ್ಟು ತೂಕ ಅದರ ನೋಂದಣಿ ಪತ್ರದಲ್ಲೇ ಇರುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಮಿತಿ ಮೀರಿದರೆ 20 ಸಾವಿರ ರೂಪಾಯಿ ದಂಡ. ಹೆಚ್ಚುವರಿಯಾದ ಪ್ರತಿ ಟನ್ನಿಗೆ ಮತ್ತೆ 2 ಸಾವಿರ.

ತಂದೆತಾಯಂದಿರು ಚಾಲಕನನ್ನಷ್ಟೇ ದೂರಿ ಫಲವಿಲ್ಲ. "ಅದೇ ದುಡ್ಡಿಗೆ ಇನ್ನೊಂದಿಷ್ಟು ತುಂಬಿಸಿಕೊಂಡು ಬಾರಪ್ಪ, ಎಂಟು ಗಂಟೆಯೊಳಗೆ ಬಂದುಬಿಡು" ಎನ್ನುವವರು ನಾವೇ ಅಲ್ಲವೇ? ಶಾಲೆಯ ಹೊತ್ತು ಕಳೆದ ಮೇಲೆ ನೀರು ತರಿಸಿಕೊಳ್ಳೋಣ. ಮಕ್ಕಳೇ, ಸೈಕಲ್ ತುಳಿಯುತ್ತ ಟ್ಯಾಂಕರ್ ಹಿಡಿದು ಸಾಗಬೇಡಿ. ಟ್ರ್ಯಾಕ್ಟರಿಗೂ ತೊಟ್ಟಿಗೂ ನಡುವೆ, ಅದು ನಿಂತಿದ್ದರೂ, ನುಸುಳಬೇಡಿ. ಚಾಲಕ ನಿಮ್ಮನ್ನು ಕಂಡ ತಕ್ಷಣ ಬ್ರೇಕು ಹಾಕಿಯಾನು. ಆದರೆ ಅವನ ಬೆನ್ನ ಹಿಂದಿನ ನಾಲ್ಕೂವರೆ ಟನ್ ನೀರಿಗೆ ಕಣ್ಣಿಲ್ಲ.