ಔಷಧದ ಚೀಟಿಯಲ್ಲಿ ಲ್ಯಾಟಿನ್ ಏಕೆ?

ವೈದ್ಯರ ಚೀಟಿಯಲ್ಲಿ ಔಷಧದ ಹೆಸರಿನ ಮುಂದೆ ಬಿ.ಡಿ., ಟಿ.ಡಿ.ಎಸ್., ಎಚ್.ಎಸ್. ಎಂಬ ಅಕ್ಷರಗಳಿರುವುದನ್ನು ಸದ್ಭಕ್ತರು ಕಂಡಿರಬಹುದು. ಇವು ಇಂಗ್ಲಿಷಿನವಲ್ಲ, ಲ್ಯಾಟಿನ್ ಪದಗಳ ಮೊದಲಕ್ಷರಗಳು. ‘ಬಿಸ್’ ಎಂದರೆ ಎರಡು ಬಾರಿ, ‘ಟೆರ್’ ಎಂದರೆ ಮೂರು ಬಾರಿ. ಸಂಸ್ಕೃತದ ದ್ವಿಃ, ತ್ರಿಃ ಎಂಬವುಗಳಿಗೆ ಇವು ಒಡಹುಟ್ಟಿದವು. ಎಚ್.ಎಸ್. ಎಂಬುದು ‘ಹೋರಾ ಸೋಮ್ನಿ’, ಅಂದರೆ ಮಲಗುವ ವೇಳೆ. ಈ ‘ಸೋಮ್ನಿ’ಗೂ ನಮ್ಮ ‘ಸ್ವಪ್ನ’ಕ್ಕೂ ಮೂಲ ಒಂದೇ, ‘ಹೋರಾ’ ಅಂತೂ ಗ್ರೀಕರಿಂದ ಲ್ಯಾಟಿನ್ನಿಗೂ ನಮ್ಮ ಪಂಚಾಂಗಕ್ಕೂ ಬಂದ ಪದ. ಹೀಗಿರುವಾಗ ಆ ಭಾಷೆಯ ಮೇಲೆ ನನಗೇನೂ ಹಗೆಯಿಲ್ಲ. ಶಾಸ್ತ್ರಕ್ಕೆ ಪರಿಭಾಷೆ ಬೇಕು. ಅದೇ ಪರಿಭಾಷೆ ರೋಗಿಯ ಕೈಗೂ ಹೋಗುವುದಕ್ಕೆ ಮಾತ್ರ ನನ್ನ ಆಕ್ಷೇಪ.

ಎಸ್.ಓ.ಎಸ್. ಎಂಬುದನ್ನೇ ನೋಡೋಣ. ‘ಸಿ ಓಪುಸ್ ಸಿಟ್’, ಅಗತ್ಯಬಿದ್ದರೆ ಮಾತ್ರ ಎಂದರ್ಥ. ಕೀಲುನೋವಿನ ಮಾತ್ರೆಗೆ ಹೀಗೆ ಬರೆದಿದ್ದರೆ, ಅರ್ಥವರಿಯದ ಹಿರಿಯರು ಅದನ್ನು ಊಟದಷ್ಟೇ ನೇಮದಿಂದ ತಿಂಗಳುಗಟ್ಟಲೆ ನುಂಗುತ್ತಾರೆ. ಇಂಥ ಅನೇಕ ನೋವುನಿವಾರಕಗಳು ದೀರ್ಘಕಾಲದ ಸೇವನೆಯಿಂದ ಜಠರದಲ್ಲಿ ಹುಣ್ಣು ಮಾಡಬಲ್ಲವು, ಮೂತ್ರಪಿಂಡಗಳನ್ನೂ ಕೆಡಿಸಬಲ್ಲವು. ಓ.ಡಿ. ಇನ್ನೂ ವಿಚಿತ್ರ. ಸಾಮಾನ್ಯ ಚೀಟಿಯಲ್ಲಿ ಅದು ಇಂಗ್ಲಿಷಿನ ‘ದಿನಕ್ಕೊಮ್ಮೆ’. ನೇತ್ರವೈದ್ಯರ ಚೀಟಿಯಲ್ಲಿ ಲ್ಯಾಟಿನ್ನಿನ ‘ಬಲಗಣ್ಣು’!

ಕನ್ನಡ ಲಿಪಿಗೆ ಇಳಿದಾಗ ಗೊಂದಲ ಹೆಚ್ಚುವುದೂ ಉಂಟು. ಗರ್ಭಿಣಿಯರ ‘ಆಂಟಿನೇಟಲ್’ ತಪಾಸಣೆಯಲ್ಲಿನ ‘ಆಂಟಿ’ ಲ್ಯಾಟಿನ್ನಿನದು, ಮುಂಚೆ ಎಂದರ್ಥ. ‘ಆಂಟಿಬಯೋಟಿಕ್’ನಲ್ಲಿನ ‘ಆಂಟಿ’ ಗ್ರೀಕಿನದು, ವಿರುದ್ಧ ಎಂದರ್ಥ. ಕಿವಿಗೆ ಎರಡೂ ಒಂದೇ.

ಆಯುರ್ವೇದದವರಾದ ನಾವು ಇದನ್ನು ಕಂಡು ನಗಬೇಕಾಗಿಲ್ಲ. ಸುಶ್ರುತ ಸಂಹಿತೆಯು ಔಷಧಸೇವನೆಗೆ 10 ಕಾಲಗಳನ್ನು ಹೇಳಿದೆ. ಅವುಗಳಲ್ಲಿ ಪ್ರಾಗ್ಭಕ್ತವೆಂದರೆ ಊಟಕ್ಕೆ ಮುಂಚೆ, ಅಧೋಭಕ್ತವೆಂದರೆ ಊಟದ ನಂತರ. ಲ್ಯಾಟಿನ್ನಿನ ಎ.ಸಿ., ಪಿ.ಸಿ. ಹೇಳುವುದೂ ಇದನ್ನೇ. ಹೊಲದಿಂದ ಬಂದ ರೈತನಿಗೆ ‘ಅಧೋಭಕ್ತ’ ಎಂದರೂ ಅಷ್ಟೇ, ‘ಪಿ.ಸಿ.’ ಎಂದರೂ ಅಷ್ಟೇ. 12ನೆಯ ಶತಮಾನದಲ್ಲೇ ಶರಣರು ಅನುಭಾವವನ್ನು ಜನರ ನುಡಿಯಲ್ಲಿ ಹೇಳಿ ತೋರಿಸಿದ ನಾಡಿನಲ್ಲಿ, ಒಂದು ಮಾತ್ರೆಯ ವೇಳೆಯನ್ನು ಕನ್ನಡದಲ್ಲಿ ಬರೆಯಲಾಗದೆಂದರೆ ನಾನು ಒಪ್ಪಲಾರೆ.

ಕೆಲವರು ಈಗ 1-0-1 ಎಂದು ಬರೆಯುತ್ತಾರೆ: ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಇದು ಒಳ್ಳೆಯದು. ಆದರೆ ‘ನೋವಿದ್ದರೆ ಮಾತ್ರ’ ಎಂಬುದನ್ನು ಅಂಕಿಗಳಲ್ಲಿ ಹೇಳಲಾಗದು; ಅದಕ್ಕೆ ಮಾತೇ ಬೇಕು. ಶ್ರೀಮಠದ ಭಕ್ತರಾಗಿರುವ ವೈದ್ಯಬಂಧುಗಳು ಅದನ್ನು ಕನ್ನಡದಲ್ಲಿಯೇ ಬರೆಯಲಿ. ಬರೆಯದಿದ್ದರೆ ರೋಗಿಗಳು ಸಂಕೋಚಪಡದೆ ಕೇಳಿ, ಔಷಧದಂಗಡಿಯವರಿಂದಲಾದರೂ ಮಾತ್ರೆಯ ಪೊಟ್ಟಣದ ಮೇಲೆ ಬರೆಸಿಕೊಳ್ಳಲಿ.