ಚಿಂದಿ ಗೊಂಬೆಗೊಂದು ಜೋಡಿ



ಗೊಂಬೆ ಅಂದಕೂಡಲೇ ನಮ್ಮ ಕೊಪ್ಪಳ ಸೀಮೆಯವರಿಗೆ ನೆನಪಾಗುವುದು ಕಿನ್ನಾಳ. ಮರದ ಗೊಂಬೆಗೆ ಊರಿದೆ, ಹೆಸರಿದೆ, ಮಾಡುವ ಚಿತ್ರಗಾರರ ಮನೆತನಗಳಿವೆ. ಬಟ್ಟೆ ಗೊಂಬೆಗೆ ಇದ್ಯಾವುದೂ ಇಲ್ಲ. ಅವ್ವ ಕೌದಿ ಹೊಲಿಯಲು ಕೂತಾಗ ಉಳಿದ ಚೂರುಗಳನ್ನೇ ಸುತ್ತಿ, ಕಟ್ಟಿ, ಮಗಳ ಕೈಗೆ ಕೊಡುತ್ತಿದ್ದಳು. ಗೊಂಬೆ ಮದುವೆ ಆಡಿದ್ದಾಯಿತು, ಹರಿದ ಮೇಲೆ ಎಸೆದದ್ದಾಯಿತು. ಹೀಗಾಗಿ ಮರಳಿಯಲ್ಲಾಗಲಿ ಕುಷ್ಟಗಿ, ಯಲಬುರ್ಗಾದಲ್ಲಾಗಲಿ ಯಾವುದಾದರೂ ಮನೆಯ ಟ್ರಂಕಿನ ತಳದಲ್ಲಿ ಅಜ್ಜಿಯ ಕಾಲದ ಚಿಂದಿ ಗೊಂಬೆಯೊಂದು ಉಳಿದಿದ್ದರೆ ಅದು ಅಪರೂಪವೇ ಸರಿ.

ಸಿಕ್ಕಿತು ಅನ್ನಿ. ನಾವು ಹೆಂಗಸರು ಮೊದಲು ಮಾಡುವ ಕೆಲಸವೇನು? ಸೋಪಿನ ಪುಡಿಯಲ್ಲಿ ನೆನೆಹಾಕುವುದು! ದಯವಿಟ್ಟು ಹಾಗೆ ಮಾಡಬೇಡಿ. ಹಳೆಯ ಕೆಂಪು ಬಣ್ಣ ಬಿಟ್ಟು ಮುಖಕ್ಕೆ ಹತ್ತೀತು. ಒಳಗಿನ ಹತ್ತಿ ಗಂಟುಗಟ್ಟೀತು. ಹಿಂದೆ ಕಬ್ಬಿಣದ ಅಂಶ ಸೇರಿಸಿ ನೂಲಿಗೆ ಕಪ್ಪು ಬಣ್ಣ ಕೊಡುತ್ತಿದ್ದುದುಂಟು. ಅಂಥ ನೂಲು ವರ್ಷ ಕಳೆದಂತೆ ತಾನಾಗಿಯೇ ಪುಡಿಯಾಗುತ್ತಾ ಬರುತ್ತದೆ, ನೀರು ಬಿದ್ದರಂತೂ ಮುಗಿಯಿತು. ಹರಿದಲ್ಲಿ ಹೊಸ ಹೊಲಿಗೆಯೂ ಬೇಡ. ಮೊಮ್ಮಗಳು ಆಡಲು ಕೇಳಿದರೆ ಅದೇ ಗೊಂಬೆಯ ಜೋಡಿಯೊಂದನ್ನು ಮಾಡಿಕೊಡಿ. ಹಳೆಯದು ಹಳೆಯದಾಗಿಯೇ ಇರಲಿ.

ಜೋಡಿ ಅಂದರೆ ನಿಜವಾದ ಜೋಡಿ. ಅದೇ ಬಟ್ಟೆ, ಅದೇ ತುಂಬು, ಅದೇ ಹೊಲಿಗೆ. ಇದು ಹುಚ್ಚು ಅನ್ನಬೇಡಿ. ಅಮೆರಿಕದ ರೋಡ್ ಐಲೆಂಡಿನಲ್ಲಿ ಇಝಾನಾ ವಾಕರ್ ಎಂಬ ಹೆಂಗಸು ಬಟ್ಟೆ ಗೊಂಬೆ ಮಾಡುವ ತನ್ನ ವಿಧಾನಕ್ಕೆ 1873ರಲ್ಲಿ ಪೇಟೆಂಟ್ ಪಡೆದಳು. ಬಟ್ಟೆಯ ಪದರಗಳನ್ನು ಅಂಟಿನಲ್ಲಿ ಅದ್ದಿ, ಅಚ್ಚಿನಲ್ಲಿ ಒತ್ತಿ, ಮೇಲೆ ಎಣ್ಣೆಬಣ್ಣದಿಂದ ಮುಖ ಬರೆಯುವುದು ಅವಳ ರೀತಿ. ಆ ಗೊಂಬೆಗಳನ್ನು ಹಾಗೆಯೇ, ಪದರಕ್ಕೆ ಪದರ ಸರಿಯಾಗಿ, ಇಂದಿಗೂ ಅಲ್ಲಿಯ ಹೆಂಗಸರು ಮನೆಯಲ್ಲಿ ಮಾಡುತ್ತಾರೆ. ನಮಗೇನೂ ಇದು ದೂರದ ವಿದ್ಯೆಯಲ್ಲ. ಕಿನ್ನಾಳದವರು ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿ ಗೊಂಬೆಗೆ ಬಳಿಯುತ್ತಾರೆ. ಅದರ ಮೇಲೆ ಹತ್ತಿ ಬಟ್ಟೆಯ ಚೂರುಗಳನ್ನು ಅದೇ ಅಂಟಿನಿಂದ ಹಚ್ಚಿ, ಆಮೇಲೆ ಬಣ್ಣಕ್ಕೆ ಹದ ಮಾಡುತ್ತಾರೆ. ಮರದ ಗೊಂಬೆಯ ಮೈಮೇಲೂ ಚಿಂದಿ ಇದೆ ನೋಡಿ!

ಕೆಲಸಕ್ಕೆ ಕೂರುವ ಮುಂಚೆ ಮನೆಯ ಹಿರಿಯರ ಹತ್ತಿರ ಗೊಂಬೆಯನ್ನು ಒಯ್ದು ತೋರಿಸಿ. “ಏ ತಂಗಿ, ಇದು ನಮ್ಮವ್ವನ ಸೀರಿ ದಡಿ ಅಲ್ಲೇನ” ಅಂತ ಅವರು ಒಂದು ಮಾತು ಅಂದರೆ ಅಷ್ಟಕ್ಕೇ ಗೊಂಬೆಯ ಕಾಲ ಗೊತ್ತಾದಂತೆ. ಯಾರು ಕಟ್ಟಿದ್ದು, ಯಾರು ಆಡಿದ್ದು, ಕುತ್ತಿಗೆಗೆ ದಾರ ಎಷ್ಟು ಸುತ್ತು ಹಾಕುತ್ತಿದ್ದರು, ಎಲ್ಲವನ್ನೂ ಆಗಲೇ ಬರೆದುಕೊಳ್ಳಿ. ಎಂಬತ್ತು ದಾಟಿದವರ ಹತ್ತಿರ “ಹಬ್ಬ ಮುಗೀಲಿ, ಕೇಳಿದರಾಯಿತು” ಅನ್ನುವುದು ಸರಿಯಲ್ಲ.

ನಂತರ ಗೊಂಬೆಯನ್ನು ಕಾಗದದ ಮೇಲೆ ಮಲಗಿಸಿ ಸುತ್ತ ಪೆನ್ಸಿಲ್ ಗೆರೆ ಎಳೆಯಿರಿ. ಪಕ್ಕದಲ್ಲಿ ಸ್ಕೇಲು ಇಟ್ಟು ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಒಳಗೇನಿದೆ ಅಂತ ಹೊಲಿಗೆ ಬಿಚ್ಚಬೇಡಿ. ಸವೆದು ತೂತಾದ ಕಡೆ ಇಣುಕಿದರೆ ಸಾಕು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಈಜಿಪ್ಟಿನಿಂದ ಬಂದ, ರೋಮನ್ನರ ಕಾಲದ ಚಿಂದಿ ಗೊಂಬೆಯೊಂದಿದೆ. ನಾರುಬಟ್ಟೆಯ ಹೊದಿಕೆ, ಒಳಗೆ ಚಿಂದಿ ಮತ್ತು ಪಪೈರಸ್. ಸಾವಿರದೈನೂರು ವರ್ಷಕ್ಕೂ ಹಿಂದಿನ ಆ ತಾಯಿ ಕೂಡ ಮನೆಯಲ್ಲಿ ಬಿದ್ದಿದ್ದನ್ನೇ ತುಂಬಿದ್ದಾಳೆ. ನಿಮ್ಮ ಗೊಂಬೆಯಲ್ಲಿ ಚಿಂದಿಯಿದ್ದರೆ ಚಿಂದಿಯನ್ನೇ ತುಂಬಿ, ಹತ್ತಿಯಿದ್ದರೆ ಹತ್ತಿ. ಈಗ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹಾಕಿದರೆ ಗೊಂಬೆ ಕೈಯಲ್ಲಿ ಬೆಂಡಿನ ಹಾಗೆ ಹಗುರ. ಹಳೆಯದರ ತೂಕ ಬರುವುದೇ ಇಲ್ಲ.

ಬಟ್ಟೆ ಯಾವುದೆಂದು ತಿಳಿಯುವುದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಹೊಸ ಗೊಂಬೆಗೆಂದು ತೆಗೆದಿಟ್ಟ ಬಟ್ಟೆಯಿಂದ ಒಂದೇ ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆಯಂತೆ ಮಿಂಚುತ್ತಾ ಕಾಗದದ ವಾಸನೆ ಬಂದರೆ ಅದು ಆರ್ಟ್ ಸಿಲ್ಕ್. ಮಕ್ಕಳನ್ನು ದೂರ ಕೂರಿಸಿ ಮಾಡಿ.

ಗೊಂಬೆಯ ಸೀರೆ ಇಳಕಲ್ಲಿನದಾದರೆ ಸೆರಗು ಎಲ್ಲಿ ಶುರುವಾಗಿದೆ ನೋಡಿ. ಮೈಯ ಹಾಸಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ನೇಯ್ದ ಸಾಲು ಕಂಡರೆ ನಿಮ್ಮ ಪುಣ್ಯ. ಕೆಂಪು ಸೆರಗಿನ ಬಿಳಿ ತೋಪುತೆನೆ ಗೊಂಬೆಯ ಮೈಗೆ ತೀರಾ ದೊಡ್ಡದಾಗಿ ಕಾಣಬಹುದು. ಚಿಂತೆಯಿಲ್ಲ, ಅವ್ವಂದಿರು ದೊಡ್ಡವರ ಸೀರೆಯ ಚೂರನ್ನೇ ಉಡಿಸಿದ್ದರಲ್ಲವೇ! ಚಂದ ಕಾಣಲಿ ಎಂದು ಪೇಟೆಯ ಸಣ್ಣ ಜರಿ ಲೇಸು ಹಚ್ಚಿದರೆ ಅದು ಬೇರೆಯೇ ಗೊಂಬೆ. ಅಂಗಡಿಯ ಸ್ಯಾಟಿನ್ ಸೀರೆಯ ಗೊಂಬೆಗಳು ನನಗಂತೂ ಸೇರವು. ಕುಪ್ಪಸಕ್ಕೆ ಗುಳೇದಗುಡ್ಡದ ಖಣದ ಅಂಗೈಯಗಲ ತುಂಡು ಸಾಕು. ಇಷ್ಟಕ್ಕಾಗಿ ಗಟ್ಟಿ ಸೀರೆಗೆ ಕತ್ತರಿ ಹಾಕಬೇಡಿ ಮತ್ತೆ. ಕೌದಿಗೆಂದು ಎತ್ತಿಟ್ಟ ಗಂಟನ್ನೇ ಹುಡುಕಿ.

ಹೊಲಿಗೆ ಪೂರಾ ಕೈಯಲ್ಲೇ ಆಗಬೇಕು, ಹಳೆಯದರಲ್ಲಿ ಮಿಷನ್ ಹೊಲಿಗೆ ಇದ್ದರೆ ಮಾತ್ರ ಮಿಷನ್. ಅಂಗುಲಕ್ಕೆ ಎಷ್ಟು ಹೊಲಿಗೆ ಎಂದು ಎಣಿಸಿ ಅಷ್ಟೇ ಹಾಕಿ. ಅದರಲ್ಲಿ ಓರೆಕೋರೆ ಇದ್ದರೆ ನಿಮ್ಮದೂ ಓರೆಯಾಗಲಿ. ಜಾಣೆಯರಿಗೆ ಇದೇ ಕಷ್ಟ! ಸೆರಗಿನ ಹತ್ತಿರ ಕಸೂತಿ ಇದ್ದರೆ ಗವಂತಿಯೋ, ಮುರಗಿಯೋ, ನೇಗಿಯೋ, ಮೆಂತ್ಯವೋ ನೋಡಿಕೊಳ್ಳಿ. ಗವಂತಿಯಾದರೆ ಗಂಟು ಹಾಕದೆ, ಎಳೆ ಎಣಿಸಿ, ಹೋದ ದಾರಿಯಲ್ಲೇ ತಿರುಗಿ ಬನ್ನಿ. ಎರಡೂ ಮೈ ಒಂದೇ ಆಗಬೇಕು. ಮುಖಕ್ಕೆ ಹಳೆಯದರಲ್ಲಿ ಏನಿದೆಯೋ ಅಷ್ಟೇ. ಕಣ್ಣೆರಡು ಕರಿ ದಾರದ ಹೊಲಿಗೆಯಷ್ಟೇ ಆಗಿದ್ದರೆ, ತುಟಿಗೆ ಕೆಂಪು ಹಚ್ಚುವ ಆಸೆ ತಡೆದುಕೊಳ್ಳಿ.

ಕೆಲವರು ಹೊಸ ಗೊಂಬೆಯನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಹಳೆಯದರ ಬಣ್ಣ ತರುತ್ತಾರೆ. ನನಗದು ಒಪ್ಪಿಗೆಯಿಲ್ಲ. ನಾಳೆ ನಾವಿಲ್ಲದಾಗ ಎರಡನ್ನೂ ಕೈಯಲ್ಲಿ ಹಿಡಿದವರಿಗೆ ಯಾವುದು ಮುತ್ತಜ್ಜಿಯದು, ಯಾವುದು ನಮ್ಮದು ಎಂದು ತಿಳಿಯುವುದು ಬೇಡವೇ? ಸೀರೆಯೊಳಗೆ, ಗೊಂಬೆಯ ಬೆನ್ನ ಮೇಲೆ, ನಿಮ್ಮ ಹೆಸರು, ಊರು, ವರ್ಷವನ್ನು ದಾರದಲ್ಲಿ ಹೊಲಿದುಬಿಡಿ.

ಹಳೆಯ ಗೊಂಬೆಯನ್ನು ಗಂಜಿ ಹಾಕದೆ ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಮಡಚದೆ ಮಲಗಿಸಿಡಿ. ಪ್ಲಾಸ್ಟಿಕ್ ಚೀಲ ಬೇಡ, ತೇವ ಒಳಗೇ ಉಳಿಯುತ್ತದೆ. ನುಸಿಗುಳಿಗೆ ಗೊಂಬೆಗೆ ತಾಗದಿರಲಿ. ಹಿರಿಯರಿಂದ ಕೇಳಿ ಬರೆದುಕೊಂಡ ಚೀಟಿಯ ಒಂದು ಪ್ರತಿ ಅದರ ಜೊತೆಗಿರಲಿ, ಇನ್ನೊಂದನ್ನು ಹೊಸ ಗೊಂಬೆಯ ಜೊತೆ ಮೊಮ್ಮಗಳಿಗೇ ಕೊಡಿ.