ಮೂರು ವರ್ಷದ ಕೂಸಿನ ಮೇಲೆ ಬೆತ್ತದ ದರ್ಬಾರು

‘ಛಡಿ ಛಂಛಂ, ವಿದ್ಯಾ ಘಂಘಂ’ ಎಂಬುದನ್ನು ವೇದವಾಕ್ಯದಂತೆ ಹೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ದೊಡ್ಡ ಶಾಲೆಯ ಮಾತು ಹಾಗಿರಲಿ. ಶಿಶುವಿಹಾರದ ಬಾಗಿಲಲ್ಲಿ ಮಗುವನ್ನಿಳಿಸಿ, “ಎರಡು ಬಿಗೀರಿ ಅಕ್ಕೋರೆ, ನಾವು ಕೇಳೋದಿಲ್ಲ” ಎಂದು ಪಾಳಿಗೆ ಓಡುವ ಕೂಲಿಕಾರನೂ, ಅಂಗಡಿ ತೆರೆಯಲು ಓಡುವ ವರ್ತಕನೂ ನಮ್ಮವರೇ. ಮೇಸ್ತ್ರಿ ಒಂದು ಮಾತು ಹೆಚ್ಚಿಗೆ ಆಡಿದರೆ ಯೂನಿಯನ್ ಕಚೇರಿಗೆ ದೂರು ತರುವ ಗೆಳೆಯರು, ಮಾತೇ ಪೂರ್ತಿ ಬಾರದ ಕೂಸನ್ನು ಹೊಡೆಯಲು ಪರವಾನಗಿ ಕೊಡುವುದು ಯಾವ ನ್ಯಾಯ?

ಹೊಡೆಯದೆ ಮಕ್ಕಳನ್ನು ತಿದ್ದುವುದು ಶ್ರೀಮಂತರ ಕಾನ್ವೆಂಟಿನ ಶೋಕಿಯೆಂದು ಕೆಲವರ ವಾದ. ಶುದ್ಧ ಸುಳ್ಳು. ಹತ್ತಿಗಿರಣಿಯ ಕೂಲಿಕಾರರ ಮಕ್ಕಳಲ್ಲೇ ಅದನ್ನು ಮಾಡಿ ತೋರಿಸಿ ಇನ್ನೂರು ವರ್ಷ ದಾಟಿತು. ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್ ಗಿರಣಿಯಲ್ಲಿ ರಾಬರ್ಟ್ ಓವೆನ್ 1816ರಲ್ಲಿ ಶಾಲೆ ತೆರೆದಾಗ, ಆಗತಾನೆ ನಡೆಯಲು ಕಲಿತ ಮಕ್ಕಳಿಗೂ ಅಲ್ಲಿ ಜಾಗವಿತ್ತು. ಅವರಿಗೆ ಆತ ಆರಿಸಿದ ಉಪಾಧ್ಯಾಯ ಪಂಡಿತನಲ್ಲ, ಜೇಮ್ಸ್ ಬುಕಾನನ್ ಎಂಬ ನೇಕಾರ. ಜೊತೆಗೆ ಮೋಲಿ ಯಂಗ್ ಎಂಬ ಹದಿನೇಳರ ಹುಡುಗಿ. ಅವರಿಗೆ ಕೊಟ್ಟ ಮೊದಲ ಅಪ್ಪಣೆಯೇ ಇದು: ಹೊಡೆಯಕೂಡದು, ಮಾತಿನಲ್ಲಾಗಲಿ ನಡೆಯಲ್ಲಾಗಲಿ ಹೆದರಿಸಕೂಡದು, ಬೈಯಕೂಡದು, ಸದಾ ನಗುಮುಖದಿಂದ ಮಾತಾಡಬೇಕು. ಪುಸ್ತಕದ ಕಾಟವಿಲ್ಲ, ಬಹುಮಾನದ ಆಮಿಷವೂ ಇಲ್ಲ.

ಓವೆನ್ನನೂ ಮಾಲೀಕನೇ, ಅದನ್ನು ಮರೆಯಬೇಕಾಗಿಲ್ಲ. ಮಕ್ಕಳ ಮೇಲಿಟ್ಟ ನಂಬಿಕೆಯನ್ನು ಆತ ಕೂಲಿಕಾರರ ಮೇಲಿಡಲಿಲ್ಲ. ಒಬ್ಬೊಬ್ಬರ ಕೆಲಸದ ಜಾಗದಲ್ಲೂ ನಾಲ್ಕು ಬಣ್ಣದ ಮರದ ತುಂಡು ತೂಗುಹಾಕಿಸಿದ್ದ. ನಿನ್ನೆಯ ನಡತೆ ಕೆಟ್ಟದ್ದಾದರೆ ಕಪ್ಪು ಮುಖ ಎದುರಿಗೆ, ಒಳ್ಳೆಯದಾದರೆ ಬಿಳಿ. ಇಂದು ನರ್ಸರಿಯ ಗೋಡೆಯಲ್ಲಿ ಮಗುವಿನ ಹೆಸರಿನ ಮುಂದೆ ನಕ್ಷತ್ರ, ಕಪ್ಪು ಚುಕ್ಕೆ ಅಂಟಿಸಿದ್ದನ್ನು ಕಂಡಾಗ ನನಗೆ ಆ ಮರದ ತುಂಡೇ ನೆನಪಾಗುತ್ತದೆ.

ಮೂರು ವರ್ಷದ ಮಗು ಕಚ್ಚುವುದು ಹಟಕ್ಕಲ್ಲ. ಹಸಿವು, ನಿದ್ದೆಗೇಡು, ಬೆಳಗಿನ ಪಾಳಿಗೆ ಹೋದ ತಾಯಿಯ ನೆನಪು, ಇವನ್ನು ಹೇಳಲು ಅದಕ್ಕೆ ಮಾತು ಸಾಲದು, ಹಲ್ಲು ಮಾತಾಡುತ್ತದೆ. ಆಗ ಏನು ಮಾಡಬೇಕು? ಕಚ್ಚಿಸಿಕೊಂಡ ಮಗುವನ್ನು ಮೊದಲು ಎತ್ತಿಕೊಳ್ಳಿ. ಕಚ್ಚಿದ ಮಗುವಿನ ಮುಂದೆ ಕೂತು, ಕಣ್ಣಿಗೆ ಕಣ್ಣು ಕೊಟ್ಟು, “ಕಚ್ಚಿದರೆ ನೋವಾಗುತ್ತದೆ, ಬೇಕಾದರೆ ‘ಕೊಡು’ ಅನ್ನು” ಎನ್ನಿ. ಅಷ್ಟೇ ಸಾಕು, ಉಪನ್ಯಾಸ ಬೇಡ. ‘ಓಡಬೇಡ’ ಎಂದು ಅರಚುವುದಕ್ಕಿಂತ ‘ನಡೆದು ಬಾ’ ಎಂದರೆ ಕೂಸಿಗೆ ಬೇಗ ತಿಳಿಯುತ್ತದೆ. ಆಟ ಮುಗಿಸುವ ಮೊದಲು ‘ಇನ್ನೆರಡು ಸುತ್ತು’ ಎಂದು ಮುನ್ಸೂಚನೆ ಕೊಡಿ. ‘ಜಾಣ’ ಎಂದು ಬರಿದೆ ಹೊಗಳದೆ, ‘ಚೆಂಡು ಅವಳಿಗೂ ಕೊಟ್ಟೆಯಲ್ಲ’ ಎಂದು ಮಾಡಿದ್ದನ್ನು ಹೆಸರಿಸಿ ಮೆಚ್ಚಿ. ಗುಮ್ಮ, ಪೊಲೀಸು, ಕತ್ತಲೆ ಕೋಣೆ ಇವೆಲ್ಲ ಬೆತ್ತದ ತಮ್ಮಂದಿರು.

ಹೇಳುವುದು ಸುಲಭ, ಬಲ್ಲೆ. ಇದಕ್ಕೆ ಕೈ ಬೇಕು, ಸಮಯ ಬೇಕು. 1975ರಲ್ಲಿ ಆರಂಭವಾದ ಅಂಗನವಾಡಿಯಲ್ಲಿ ತೂಕ, ಊಟ, ಮನೆಭೇಟಿ, ದಾಖಲೆ ಎಲ್ಲವೂ ಕಾರ್ಯಕರ್ತೆಯ ತಲೆಗೇ. ಕೈಗೆ ಬರುವುದು ಸಂಬಳವಲ್ಲ, ‘ಗೌರವಧನ’. ಬೆತ್ತ ಅಗ್ಗ, ಎರಡನೆಯ ಅಕ್ಕೋರು ದುಬಾರಿ. ಖಾಸಗಿ ನರ್ಸರಿಯ ಆಡಳಿತ ಮಂಡಳಿಯ ಲೆಕ್ಕ ಇಷ್ಟೇ. 1948ರ ಕಾರ್ಖಾನೆ ಕಾಯಿದೆಯ 48ನೆಯ ಕಲಮು, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರರೊಳಗಿನ ಮಕ್ಕಳಿಗೆ ಕೂಸಿನ ಮನೆ ಇರಬೇಕು, ಅದು ತರಬೇತಿ ಪಡೆದ ಹೆಂಗಸರ ಕೈಯಲ್ಲಿರಬೇಕು ಎಂದಿತು. 1976ರಲ್ಲಿ 50ನ್ನು 30ಕ್ಕೆ ಇಳಿಸಿದರು. ‘ತರಬೇತಿ’ ಎಂಬ ಆ ಒಂದು ಪದಕ್ಕಾಗಿ ಎಷ್ಟು ಮಂದಿ ಬೇಡಿಕೆಪಟ್ಟಿಯಲ್ಲಿ ಜಾಗ ಕೊಟ್ಟೆವು?

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೆ ಆ ಕಾಯಿದೆಯ ಲೆಕ್ಕದಲ್ಲಿ ‘ಮಗು’ ಎಂದರೆ 6ರಿಂದ 14. ನಮ್ಮ ಮೂರು ವರ್ಷದ ಕೂಸು ಆ ಲೆಕ್ಕದಿಂದ ಹೊರಗೆ!

ಮುಂದಿನ ರಜೆಯ ದಿನ ಕಾಯಬೇಡಿ. ಶಿಶುವಿಹಾರ ನಡೆಯುವ ಹೊತ್ತಿಗೇ ಹೋಗಿ. ಮಕ್ಕಳೆಷ್ಟು, ಅಕ್ಕೋರು ಎಷ್ಟು, ಬೆತ್ತ ಎಲ್ಲಿದೆ ನೋಡಿ. ಬೆತ್ತ ಕಂಡರೆ ಆ ಹೆಣ್ಣುಮಗಳ ಮೇಲೆ ಏರಿಹೋಗಬೇಡಿ. ಇನ್ನೊಬ್ಬಳನ್ನು ಏಕೆ ನೇಮಿಸಿಲ್ಲವೆಂದು ಆಡಳಿತದವರನ್ನು ನಾಲ್ಕು ಜನ ಸೇರಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.